ಓಡಬೇಡ ಅಂದರು, ಹೊರಬೇಡ ಅನ್ನಲಿಲ್ಲ

ಮೊದಲೇ ಹೇಳಿಬಿಡುತ್ತೇನೆ, ನಾನು ಸತ್ತಿಲ್ಲ. ಹೊಳಲ್ಕೆರೆಯಲ್ಲಿರುವ ನನ್ನ ಸೋದರತ್ತೆಯೂ ಆಕೆಯ ಬೀದಿಯ ಜನರೂ ಇದನ್ನು ಓದುವುದಾದರೆ ದಯವಿಟ್ಟು ಈ ಸಾಲನ್ನು ಎರಡು ಸಲ ಓದಿಕೊಳ್ಳಬೇಕು. ಇಪ್ಪತ್ತನೇ ವಯಸ್ಸಿಗೆ ಹಾರ್ಟ್ ಪೇಷೆಂಟು ಅನ್ನಿಸಿಕೊಂಡು, ಬಾಳೆಹಣ್ಣು ಹಿಡಿದು ನೋಡಲು ಬಂದವರ ಎದುರು ಮಂಚದ ಮೇಲೆ ಗೊಂಬೆಯಂತೆ ಕೂತು, ಎಲ್ಲರ ಬುದ್ಧಿವಾದ ಕೇಳಿ ಕೇಳಿ ತಲೆ ಚಿಟ್ಟು ಹಿಡಿಸಿಕೊಂಡು, ಕೊನೆಗೆ ಪಾರಾದವಳು ನಾನು. ಇಸಿಜಿ ಕಾಗದದ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ‘ಅಬ್‌ನಾರ್ಮಲ್’ ಎಂಬ ಪದ ನೋಡಿ ಕೈಕಾಲು ತಣ್ಣಗಾದ ಹುಡುಗ ಹುಡುಗಿಯರು ಎಲ್ಲೋ ಇದ್ದೇ ಇರುತ್ತಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ವೈದ್ಯಶಾಸ್ತ್ರ ಹೇಳಲು ನನಗೆ ಬರುವುದಿಲ್ಲ. ಸಿಟ್ಟು ಮಾಡಿಕೊಳ್ಳಲು ಚೆನ್ನಾಗಿ ಬರುತ್ತದೆ.

ನಮ್ಮೂರು ಬಬ್ಬೂರು, ಹಿರಿಯೂರಿನ ಮಗ್ಗುಲಲ್ಲೇ. ಅಪ್ಪ ಹಿರಿಯೂರಿನ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಣ್ಣ ಮಂಜ ಅಲ್ಲೇ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುತ್ತಾನೆ. ಅವ್ವ ಮನೆಯಲ್ಲಿರುತ್ತಾಳೆ. ನಾನು ಎಂಟುನೂರು ಮೀಟರ್ ಓಡುತ್ತೇನೆ. ಬೇರೆ ಯಾವುದರಲ್ಲೂ ನಾನು ಅಂಥ ಜಾಣೆಯಲ್ಲ. ಓದು ಅಷ್ಟಕ್ಕಷ್ಟೆ, ಹಾಡು ಕುಣಿತ ಒಂದೂ ಇಲ್ಲ. ಓಡುವಾಗ ಮಾತ್ರ ಜನ ಪಕ್ಕದವರನ್ನು ತಿವಿದು, ಇವಳು ಯಾರ ಮಗಳು ಎಂದು ಕೇಳುತ್ತಾರೆ. ಆ ಒಂದನ್ನು ನನ್ನಿಂದ ಕಿತ್ತುಕೊಂಡರೆ ಉಳಿಯುವುದು ಬಹಳ ಕಡಿಮೆ. ಹಾಗಾಗಿ ಅದನ್ನೇ ಕಿತ್ತುಕೊಳ್ಳಲು ಬಂದಾಗ ನನಗೆ ಹೇಗಾಗಿರಬೇಡ.

ಹೊಸದುರ್ಗದ ಮೈದಾನದಲ್ಲಿ ಆಯ್ಕೆ ನಡೆಯಿತು. ಗೆದ್ದವರಿಗೆ ಕೋಚಿಂಗ್ ಶಿಬಿರ, ಅಲ್ಲಿ ಚೆನ್ನಾಗಿ ಮಾಡಿದರೆ ಕ್ರೀಡಾ ಹಾಸ್ಟೆಲ್ಲು. ನಾನು ಮೊದಲು ಬಂದೆ. ಎರಡನೆಯವಳು ಗೆರೆ ಮುಟ್ಟುವ ಹೊತ್ತಿಗೆ ನಾನು ಸೊಂಟದ ಮೇಲೆ ಕೈಯಿಟ್ಟು ಅವಳನ್ನೇ ಕಾಯುತ್ತಿದ್ದೆ. ಆಮೇಲೆ ಶಿಬಿರಕ್ಕೆ ಹೋಗುವವರಿಗೆಲ್ಲ ಹೃದಯ ಪರೀಕ್ಷೆ ಇದೆ ಎಂದು ಮೈದಾನದ ಮೂಲೆಯಲ್ಲಿ ನಿಂತಿದ್ದ ವ್ಯಾನಿಗೆ ಕಳಿಸಿದರು. ಎದೆಗೆ, ಕೈಕಾಲಿಗೆ ವೈರು ಹಚ್ಚಿದ ನರ್ಸ್ ಕಾಗದ ಹೊರಬಂದದ್ದೇ ತಡ ನನ್ನ ಮುಖ ನೋಡಿದಳು, ಕಾಗದ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

“ಎದೆ ನೋವೈತೇನಮ್ಮಾ?”

“ಇಲ್ಲ.”

“ತಲೆ ತಿರುಗ್ತೈತಾ?”

“ಇಲ್ಲ ಮೇಡಂ. ಹೊಟ್ಟೆ ಹಸೀತೈತೆ.”

ಅವಳು ಚಿಕ್ಕ ವಯಸ್ಸಿನ ಡಾಕ್ಟರೊಬ್ಬರನ್ನು ಕರೆತಂದಳು. ನಾಡಿ ಇಷ್ಟು ನಿಧಾನ ಯಾಕೆ, ಅಲೆಗಳು ತಲೆಕೆಳಗಾಗಿವೆ ಯಾಕೆ ಎಂದು ಅವರಿಬ್ಬರೂ ತಮ್ಮತಮ್ಮಲ್ಲೇ ಪಿಸುಗುಟ್ಟಿದರು. ನನಗೆ ಕೇಳಿಸಬಾರದು ಎಂದು ಪಿಸುಗುಟ್ಟಿದ್ದು. ವ್ಯಾನು ಇದ್ದದ್ದೇ ಅಷ್ಟಗಲ, ನನಗೆ ಕೇಳಿಸದೆ ಇನ್ನಾರಿಗೆ ಕೇಳಿಸಬೇಕು? ಕೊನೆಗೆ ಡಾಕ್ಟರು, “ಅಲ್ಲಾಡಬೇಡ, ಹಂಗೇ ಇರು” ಎಂದು ವೀಲ್‌ಚೇರು ತರಿಸಿದರು. ಅರ್ಧ ಗಂಟೆ ಮುಂಚೆ ಎಲ್ಲರನ್ನೂ ಹಿಂದೆ ಹಾಕಿ ಓಡಿದ್ದ ಅದೇ ಮೈದಾನದಲ್ಲಿ ನನ್ನನ್ನು ವೀಲ್‌ಚೇರಿನಲ್ಲಿ ಕೂರಿಸಿ ತಳ್ಳಿಕೊಂಡು ಹೋದರು. ಎರಡನೆಯ ಸ್ಥಾನ ಬಂದವಳು ಅಯ್ಯೋ ಪಾಪ ಎಂದು ನೋಡುತ್ತಿದ್ದಳು. ಶಿಬಿರಕ್ಕೆ ಅವಳು ಹೋದಳು.

ಮನೆಯಲ್ಲಿ ಆದದ್ದನ್ನು ಏನೆಂದು ಹೇಳಲಿ. ಮಂಜ ಆ ಕಾಗದವನ್ನು ಮೊಬೈಲಿನಲ್ಲಿ ಹುಡುಕಿ, ಮುಖ ಬಿಳುಚಿಕೊಂಡು ಫೋನು ಜೇಬಿಗಿಟ್ಟುಕೊಂಡ. “ಏನಂತೋ?” ಎಂದು ಅವ್ವ ಕೇಳಿದರೆ “ಏನಿಲ್ಲ ಬಿಡವ್ವ” ಎಂದ. ಅದಕ್ಕಿಂತ, ಇವಳು ನಾಳೆ ಸಾಯುತ್ತಾಳೆ ಎಂದಿದ್ದರೇ ವಾಸಿಯಿತ್ತು. ಅವ್ವ ಅಲ್ಲೇ ಗೋಡೆ ಹಿಡಿದು ಕುಸಿದಳು. ಅಪ್ಪ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದ. ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಹೃದಯ ನನ್ನದು, ಆದರೆ ಆವತ್ತಿನಿಂದ ಅದು ಊರಿನ ಸ್ವತ್ತಾಯಿತು.

ಮಾರನೆಯ ದಿನವೇ ಹೊಳಲ್ಕೆರೆಯಿಂದ ಸೋದರತ್ತೆ ಬಸ್ಸು ಹತ್ತಿ ಬಂದಳು. ಬಾಗಿಲಲ್ಲೇ ನನ್ನ ಗಲ್ಲ ಹಿಡಿದು, “ನಾನ್ ಅವತ್ತೇ ಬಡ್ಕಂಡೆ, ಹೆಣ್ಮಕ್ಳು ಹಿಂಗೆ ಚಡ್ಡಿ ಹಾಕ್ಕಂಡು ಓಡಬಾರ್ದು, ಎದೆ ಬಿರಿತೈತೆ ಅಂತ. ಯಾರು ಕೇಳಿದ್ರಿ?” ಎಂದಳು.

“ಚಡ್ಡಿಗೂ ಹಾರ್ಟಿಗೂ ಏನತ್ತೆ ಸಂಬಂಧ?” ಎಂದೆ.

“ನೋಡು ನೋಡು, ಈ ಮಾತಿಗೇ ಬಿ.ಪಿ. ಏರಾದು,” ಎಂದು ಅವ್ವನ ಕಡೆ ತಿರುಗಿದಳು.

ಒಬ್ಬರು ಬೆಳ್ಳುಳ್ಳಿ ಜಗಿ ಎಂದರು. ಒಬ್ಬರು ಮತ್ತಿಮರದ ತೊಗಟೆ ತಂದುಕೊಟ್ಟರು. ಹೊಸದುರ್ಗದ ಕಡೆಯಿಂದ ಒಂದು ಸಂಬಂಧ ಬರುವುದರಲ್ಲಿತ್ತಂತೆ, ನನಗೇ ಗೊತ್ತಿರಲಿಲ್ಲ. ಅವರು ಬರುವುದಿಲ್ಲ ಎಂದು ಹೇಳಿ ಕಳಿಸಿದ ಮೇಲೆ ಗೊತ್ತಾಯಿತು. ಅದಕ್ಕೂ ಅವ್ವ ಅತ್ತಳು. ಕೇಳದೇ ಬಂದ ಗಂಡು ಕೇಳದೇ ಹೋದರೆ ಅಳುವುದು ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಷ್ಟೆಲ್ಲ ಹಾರಾಡಿದರೂ ಒಳಗೊಳಗೆ ನಾನು ಹೆದರಿ ಸತ್ತಿದ್ದೆ. ಅದನ್ನು ಮುಚ್ಚಿಟ್ಟು ಏನಾಗಬೇಕು? ಆಡುತ್ತಾ ಆಡುತ್ತಾ ಕುಸಿದು ಬಿದ್ದ ಹುಡುಗರ ವಿಡಿಯೋ ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಕೂತಲ್ಲಿ ನಿಂತಲ್ಲಿ ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಎಣಿಸುತ್ತಿದ್ದೆ. ನನ್ನ ನಾಡಿ ಮೊದಲಿನಿಂದಲೂ ನಿಧಾನ. ಮೊದಲು ಅದು ನನ್ನ ಹೆಮ್ಮೆಯಾಗಿತ್ತು. ನಮ್ಮ ಕಾಲೇಜಿನ ಪಿ.ಟಿ. ಮೇಷ್ಟ್ರು “ಇದು ಓಡೋರ ನಾಡಿ ಕಣಮ್ಮ” ಎನ್ನುತ್ತಿದ್ದರು. ಈಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ, ಮುಂದಿನದು ಬರುತ್ತದೋ ಇಲ್ಲವೋ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ.

ಚಿತ್ರದುರ್ಗದ ಹೃದಯದ ಡಾಕ್ಟರ ಹತ್ತಿರ ಹೋದೆವು. ಕಾಯುವ ಕೋಣೆಯ ತುಂಬಾ ಅಪ್ಪನ ವಯಸ್ಸಿನವರು, ಅಜ್ಜನ ವಯಸ್ಸಿನವರು. ಅವ್ವ ಮತ್ತು ಅಪ್ಪನ ನಡುವೆ ನಾನು. ಪ್ರತಿಯೊಬ್ಬರೂ ಬಂದು ಮೊದಲು ಅಪ್ಪನನ್ನು ನೋಡಿ, “ಯಾವಾಗಿಂದ ತೊಂದ್ರೆ?” ಎನ್ನುವರು. ಅಪ್ಪ ನನ್ನತ್ತ ಕೈ ತೋರಿಸುವನು. “ಈ ಹುಡ್ಗೀಗಾ? ಶಿವಶಿವಾ!” ಎಂದು ಅವರು ತಮ್ಮ ಕಾಯಿಲೆಯನ್ನೇ ಮರೆತು ಖುಷಿಯಾಗಿ ಕೂರುವರು. ಟೋಕನ್ ಕೂಗುವ ಹೆಂಗಸು ನನ್ನ ಹೆಸರು ಕೂಗಿದಾಗಲೆಲ್ಲ ಅವ್ವ ಎದ್ದು ನಿಲ್ಲುತ್ತಿದ್ದಳು. “ಪೇಷೆಂಟ್ ನೀವೇನಮ್ಮಾ?” ಎಂದರೆ “ಅಲ್ಲಮ್ಮಾ, ನಾನು ತಾಯಿ” ಎನ್ನುವಳು. ಒಬ್ಬ ಅಜ್ಜ ಮಾತ್ರ ಏನೂ ಕೇಳದೆ ಜೇಬಿನಿಂದ ಪೆಪ್ಪರ್‌ಮಿಂಟು ತೆಗೆದು ನನ್ನ ಕೈಗಿಟ್ಟು, ಕಣ್ಣು ಮುಚ್ಚಿ ಕೂತ. ಆ ಇಡೀ ಕೋಣೆಯಲ್ಲಿ ಅವನೊಬ್ಬನೇ ನನಗೆ ಇಷ್ಟವಾದವನು.

ಡಾಕ್ಟರು ವಯಸ್ಸಾದವರು, ಮುಂಗೋಪಿ. ಇನ್ನೊಂದು ಇಸಿಜಿ ತೆಗೆಸಿದರು, ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿ ಸ್ಕ್ಯಾನ್ ಮಾಡಿದರು.

“ನೋಡಮ್ಮಾ, ದಿನಾ ಓಡೋರ ಹೃದಯದ ಗೋಡೆ ದಪ್ಪ ಆಗ್ತೈತೆ, ಬಡಿತ ನಿಧಾನ ಆಗ್ತೈತೆ. ಅದು ಕಾಯಿಲೆ ಅಲ್ಲ. ಕಾಯಿಲೆ ಬಂದ್ರೂ ಗೋಡೆ ದಪ್ಪ ಆಗ್ತೈತೆ. ಅಂಥೋರು ಓಡಿದ್ರೆ ಜೀವಕ್ಕೇ ಅಪಾಯ. ನಿಂದು ಎರಡರ ಮಧ್ಯ ನಿಂತೈತೆ. ಯಾವ್ದು ಅಂತ ಈ ಕಾಗದ ನೋಡಿ ನಾನು ಹೇಳಾಕಾಗಲ್ಲ.”

“ಮತ್ತೆ ಹೆಂಗೆ ಸಾರ್?” ಎಂದ ಅಪ್ಪ.

“ಓಡಾದು ನಿಲ್ಸಲಿ. ಮೂರು ತಿಂಗಳು ಪೂರ್ತಿ ವಿಶ್ರಾಂತಿ. ಓಡಿ ಓಡಿ ಬಂದಿದ್ದಾದ್ರೆ ತಾನಾಗೇ ಇಳೀತೈತೆ. ಕಾಯಿಲೆ ಆದ್ರೆ ಇಳಿಯಲ್ಲ.”

ಅಂದರೆ ನಾನು ಓಟ ಬಿಟ್ಟು ದುರ್ಬಲಳಾದರೆ ಆರೋಗ್ಯವಂತೆ. ಹೀಗೇ ಗಟ್ಟಿಯಾಗಿ ಉಳಿದರೆ ರೋಗಿ. ಇಂಥ ಪರೀಕ್ಷೆ ಯಾವ ಕಾಲೇಜಿನಲ್ಲೂ ಇಟ್ಟಿರಲಿಕ್ಕಿಲ್ಲ. ಆದರೂ ಒಪ್ಪಿದೆ. ಸ್ಪೈಕ್ ಶೂ ಕಟ್ಟಿ ಅಟ್ಟಕ್ಕೆ ಹಾಕಿದೆ. ಮೂರು ತಿಂಗಳು ತಾನೇ, ಹಲ್ಲು ಕಚ್ಚಿಕೊಂಡು ಕೂತರಾಯಿತು ಎಂದುಕೊಂಡೆ.

ಮನೆಯವರು ಕಾವಲಿಗೆ ನಿಂತರು. ಅಬ್ಬಬ್ಬಾ, ಏನು ಕಾವಲು! ನಾಲೆ ದಾಟುವಾಗ ಜಿಗಿದರೆ ಮಂಜ “ಲೇ, ಮೆಲ್ಲಕೆ!” ಎಂದು ಅರಚುವನು. ಕಾಲೇಜಿನ ಬಸ್ಸು ಹೊರಡುತ್ತಿದ್ದರೂ ಹಿಡಿಯಲು ಓಡುವಂತಿಲ್ಲ. ಒಂದು ದಿನ ಎಮ್ಮೆಯ ಕರು ಹಗ್ಗ ಕಿತ್ತುಕೊಂಡು ರಸ್ತೆಗೆ ಓಡಿತು. ನಾನು ಹಿಂದೆ ಎರಡು ಹೆಜ್ಜೆ ಇಟ್ಟಿರಬೇಕು, ಅವ್ವ ಎದೆ ಎದೆ ಬಡಿದುಕೊಂಡು ಕೂಗಿದಳು. ಕರುವನ್ನು ಕೊನೆಗೆ ಪಕ್ಕದ ಮನೆಯವರು ಹಿಡಿದು ತಂದರು. “ನಿನ್ನ ಪ್ರಾಣಕ್ಕಿಂತ ಕರು ಹೆಚ್ಚೇನೇ?” ಎಂದು ಅವ್ವ ನನ್ನನ್ನು ಬೈದು, ಅದೇ ಉಸಿರಿನಲ್ಲಿ, “ಸರಿ, ಹೋಗು, ಆ ಹುಲ್ಲಿನ ಹೊರೆ ತಂದ್ಬಿಡು, ಹೊತ್ತಾತು” ಎಂದಳು.

ನಾನು ತಂದೆ. ದಿನಾ ತರುತ್ತಿದ್ದೆ. ಹುಡುಗಿ ಹೇಗೂ ಮನೆಯಲ್ಲಿದ್ದಾಳೆ, ಬೆಳಿಗ್ಗೆ ಸಂಜೆ ಗ್ರೌಂಡಿಗೆ ಹೋಗುವುದೂ ತಪ್ಪಿದೆ, ಆ ಹೊತ್ತನ್ನು ಸುಮ್ಮನೆ ಯಾಕೆ ಕಳೆಯಬೇಕು? ಬೀದಿ ಕೊನೆಯ ನೀರಿನ ಟ್ಯಾಂಕಿನಿಂದ ತಲೆಯ ಮೇಲೊಂದು ಕಂಕುಳಲ್ಲೊಂದು ಕೊಡ ಹೊತ್ತು ನೀರು ತಂದೆ. ನಾಲೆ ಬದಿಯಿಂದ ಹುಲ್ಲು ಕೊಯ್ದು ತಂದೆ. ಸೇವಂತಿಗೆ ಹೂವಿನ ಕಾಲದಲ್ಲಿ ಅವ್ವನ ಜೊತೆ ಪಕ್ಕದವರ ಹೊಲಕ್ಕೆ ಹೋಗಿ ಹೂವು ಬಿಡಿಸಿ, ಮೂಟೆಯನ್ನು ಆಟೋ ನಿಲ್ಲುವಲ್ಲಿಗೆ ಹೊತ್ತೆ. ಮಂಜನ ಬೈಕು ಅಂಗಳದಲ್ಲೇ ನಿಂತಿರುತ್ತಿತ್ತು. ಹುಡುಗಿಗೆ ಹಾರ್ಟಿನ ತೊಂದರೆ, ಅವಳು ಓಡಬಾರದು ಎಂದು ಊರಿಗೇ ಗೊತ್ತಿತ್ತು. ನನ್ನ ತಲೆ ಮೇಲೆ ಹೊರೆ ಇದ್ದಾಗ ಎದುರಾದವರು, “ಓಡ್ತಿಲ್ಲ ತಾನೇ? ಹುಷಾರಮ್ಮಾ” ಎಂದು ದಾರಿ ಬಿಡುತ್ತಿದ್ದರು. ನನಗೂ ಏನೂ ಹೊಳೆಯಲಿಲ್ಲ. ನಾನು ವಿಶ್ರಾಂತಿಯಲ್ಲಿದ್ದೇನೆ ಎಂದೇ ನಾನೂ ನಂಬಿದ್ದೆ.

ಮೂರು ತಿಂಗಳಾದ ಮೇಲೆ ಮನೆಮಂದಿಯೆಲ್ಲ ಚಿತ್ರದುರ್ಗಕ್ಕೆ ಹೋದೆವು. ಅಂಗಡಿಗೆ ರಜೆ ಹಾಕಿ ಮಂಜನೂ ಬಂದ. ಡಾಕ್ಟರು ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಅವರ ಮುಖ ಸಣ್ಣಗಾಯಿತು.

“ಇಳಿದಿಲ್ಲ,” ಎಂದರು. “ಒಂಚೂರೂ ಇಳಿದಿಲ್ಲ.”

ಆ ಕ್ಷಣದಲ್ಲಿ ನನಗೆ ಸಾವು ನೆನಪಾಗಲಿಲ್ಲ. ಇನ್ನು ಯಾವತ್ತೂ ಓಡುವ ಹಾಗಿಲ್ಲ ಎಂಬುದಷ್ಟೇ ಹೊಳೆಯಿತು. ಅಳಬಾರದು ಎಂದು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೃದಯವನ್ನೇ ದುರುಗುಟ್ಟಿ ನೋಡಿದೆ.

“ಇಂಥ ಕಾಯಿಲೆ ಮನೆತನದಲ್ಲಿ ಹರಿದು ಬರಾದು ಜಾಸ್ತಿ. ನೀವು ಮೂರೂ ಜನ ಇವತ್ತೇ ಇಸಿಜಿ ಮಾಡಿಸ್ಕಳ್ರಿ,” ಎಂದರು ಡಾಕ್ಟರು.

ಮಾಡಿಸಿದರು. ಅಪ್ಪನದು ಸರಿ ಇತ್ತು. ಮಂಜನದು ಸರಿ ಇತ್ತು. ಅವ್ವನ ಕಾಗದ ನೋಡಿದ ಡಾಕ್ಟರು ಅದನ್ನು ನನ್ನದರ ಪಕ್ಕಕ್ಕೆ ಎಳೆದುಕೊಂಡರು. ಇಸಿಜಿ ಓದಲು ಬಾರದ ನನಗೂ ಕಂಡಿತು. ಅಮ್ಮ ಮಗಳ ಮೂಗಿನ ಹಾಗೆ ಎರಡೂ ಒಂದೇ ಥರ ಇದ್ದವು. ನಾಡಿಯೂ ಅಷ್ಟೇ ನಿಧಾನ.

“ತಾಯಿಗೂ ಐತೆ,” ಎಂದರು ಡಾಕ್ಟರು, ಯಾರಿಗೂ ಅಲ್ಲ ಎಂಬಂತೆ.

ಅವ್ವ ನನ್ನ ಕಡೆ ತಿರುಗಿ, “ನನ್ನಿಂದ್ಲೇ ಬಂತೇನೇ ಇದು ನಿಂಗೆ?” ಎಂದಳು. ಆ ದನಿಯನ್ನು ನಾನು ಮರೆಯಲಾರೆ. ತನಗೂ ಕಾಯಿಲೆ ಇದೆ ಎಂಬುದು ಅವಳ ತಲೆಗೇ ಹೋಗಿರಲಿಲ್ಲ. “ನಾನೇ ಕೊಟ್ನಲ್ಲೇ, ನನ್ ಕೈಯಾರೆ ನಾನೇ ಕೊಟ್ನಲ್ಲೇ” ಎಂದು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನಾನು ಅವಳ ಭುಜ ಹಿಡಿದುಕೊಂಡೆ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಾನೂ ಜೋರಾಗಿ ಅತ್ತುಬಿಟ್ಟೆ.

ಡಾಕ್ಟರು ಪೆನ್ನು ತೆಗೆದುಕೊಂಡರು. ಬರೆಯುವ ಮೊದಲು ಕೇಳಬೇಕಲ್ಲ ಎಂದು ಕೇಳಿದರು.

“ಇವ್ರು ಏನಾದ್ರೂ ವ್ಯಾಯಾಮ, ಆಟ?”

ಅಪ್ಪ, “ಏನಿಲ್ಲ ಸಾರ್. ಮನೇಲಿರ್ತಾಳೆ,” ಎಂದ.

“ಮಗಳು? ಮೂರು ತಿಂಗಳು ಪೂರ್ತಿ ವಿಶ್ರಾಂತಿ ತಗಂಡಿದ್ದು ನಿಜ ತಾನೇ?”

ನಾನು ಬಾಯಿ ತೆರೆಯುವ ಮೊದಲೇ ಅವ್ವ ಕಣ್ಣೊರೆಸಿಕೊಂಡು, “ಪೂರ್ತಿ ಸಾರ್! ಒಂದ್ ಹೆಜ್ಜೆ ಓಡಾಕೆ ಬಿಟ್ಟಿಲ್ಲ. ಹುಲ್ಲು ತರಾದು, ನೀರು ಹೊರಾದು ಬಿಟ್ರೆ ಏನೂ ಮಾಡಿಲ್ಲ ನನ್ ಮಗ್ಳು,” ಎಂದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. ಕನ್ನಡಕ ತೆಗೆದರು.

“ಎಷ್ಟು ಹುಲ್ಲಮ್ಮಾ?”

“ಎಲ್ಡ್ ಎಮ್ಮೆ ಅವೆ ಸಾರ್. ಎಷ್ಟ್ ಬೇಕೋ ಅಷ್ಟು.”

“ಎಲ್ಲಿಂದ?”

“ನಾಲೆ ಬದೀಲಿಂದ. ದೂರ ಏನಿಲ್ಲ ಸಾರ್, ಊರು ದಾಟಿ ಆ ಕಡೆ.”

“ದಿನಾ?”

“ದಿನಾ ತಿಂತವಲ್ಲ ಸಾರ್ ಅವು,” ಎಂದಳು ಅವ್ವ, ಇಷ್ಟು ಓದಿದವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ. “ಮೊದ್ಲು ನಾನೇ ಎಲ್ಡ್ ಹೊರೆ ತರ್ತಿದ್ದೆ. ಈಗ ಇವ್ಳು ಮನೇಲೈದಾಳಲ್ಲ, ಒಂದೊಂದು ಹಂಚ್ಕಂಡಿದೀವಿ.”

ನೀರು ಎಷ್ಟು ಕೊಡ, ಹೂವಿನ ಮೂಟೆ ಎಷ್ಟು ಭಾರ, ಮೂಟೆ ಹೊತ್ತು ಎಷ್ಟು ದೂರ ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ಅವ್ವ ಒಂದೊಂದಕ್ಕೂ ಉತ್ತರಿಸಿದಳು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮಾಡುವುದನ್ನೆಲ್ಲ ಹೇಳಿ ಎಂದಾಗ ಅವಳ ಪಟ್ಟಿ ಮುಗಿಯುವಂತೆಯೇ ಕಾಣಲಿಲ್ಲ. ಅವಳ ಪಕ್ಕದಲ್ಲಿ ಕೂತು ಕೇಳುತ್ತಾ ಕೇಳುತ್ತಾ ನನಗೇ ಸುಸ್ತಾಯಿತು. ನಾನು ಗ್ರೌಂಡಿನಲ್ಲಿ ಒಂದು ಗಂಟೆ ಬೆವರಿಳಿಸಿ ಬಂದು ಮೊಟ್ಟೆ ಬೇಕು ಬಾಳೆಹಣ್ಣು ಬೇಕು ಎಂದು ಕಾಲು ಚಾಚಿ ಕೂರುತ್ತಿದ್ದೆನಲ್ಲ, ಆಗೆಲ್ಲ ಇವಳು ಎಲ್ಲಿರುತ್ತಿದ್ದಳು?

ಡಾಕ್ಟರು ಅಪ್ಪನ ಮೇಲೆ ಹರಿಹಾಯ್ದರು. “ಏನಪ್ಪಾ, ವಿಶ್ರಾಂತಿ ಅಂದ್ರೆ ಏನಂತ ತಿಳ್ಕಂಡಿದೀಯ?”

“ಓಡಬಾರ್ದು ಅಂದ್ರಿ ಸಾರ್ ನೀವು. ಕೆಲ್ಸ ಮಾಡಬಾರ್ದು ಅನ್ಲಿಲ್ಲ,” ಎಂದ ಅಪ್ಪ. ಅವನು ಮೊಂಡು ವಾದ ಮಾಡುತ್ತಿರಲಿಲ್ಲ. ನಿಜವಾಗಿಯೂ ಗೊಂದಲದಲ್ಲಿದ್ದ.

“ಹೃದಯಕ್ಕೆ ಗೊತ್ತಾಗ್ತೈತೇನಯ್ಯಾ, ಇದು ಪದಕಕ್ಕೆ ಓಡ್ತಿರಾದು, ಇದು ಎಮ್ಮೆಗೆ ಹೊರ್ತಿರಾದು ಅಂತ? ಭಾರ ಭಾರಾನೇ!”

ನಾವು ಬಾಗಿಲ ಕಡೆ ನೋಡುವಷ್ಟು ಜೋರಾಗಿ ಕೂಗಿದರು. ಆಮೇಲೆ ಸಮಾಧಾನ ಮಾಡಿಕೊಂಡು ಹೇಳಿದರು. ಮನೆಗೆಲಸದಿಂದಲೇ ಹೀಗೆಲ್ಲ ಆಗುವುದು ಅಪರೂಪ, ಕಾಯಿಲೆಯೇ ಇರಬಹುದು, ಇಲ್ಲ ಎಂದು ಭರವಸೆ ಕೊಡಲಾರೆ. ಆದರೆ ಗೊತ್ತಾಗುವ ಮೊದಲು ಒಂದು ಕೆಟ್ಟ ಹೆಸರು ಬರೆದು ಇಬ್ಬರ ಕೊರಳಿಗೂ ಕಟ್ಟಲಾರೆ. ಇನ್ನು ಮೂರು ತಿಂಗಳು ತಾಯಿ ಮಗಳು ಇಬ್ಬರೂ ಏನನ್ನೂ ಹೊರುವಂತಿಲ್ಲ, ಎತ್ತುವಂತಿಲ್ಲ. ಮೆಲ್ಲಗೆ ನಡೆಯುವುದು, ಉಣ್ಣುವುದು, ಕೂರುವುದು, ಅಷ್ಟೆ.

“ಮತ್ತೆ ಎಮ್ಮೆ?” ಎಂದ ಮಂಜ.

“ನಿಂಗೇನಾಗೈತೆ? ನಿನ್ ಇಸಿಜಿ ಚೆನ್ನಾಗೈತೆ!” ಎಂದರು ಡಾಕ್ಟರು.

ಆ ಮೂರು ತಿಂಗಳ ಭಯ ಮೊದಲಿನದಕ್ಕಿಂತ ದೊಡ್ಡದು. ಮೊದಲು ನನ್ನ ಒಬ್ಬಳ ಜೀವದ ಚಿಂತೆಯಿತ್ತು, ಈಗ ಅವ್ವನದೂ ಸೇರಿತು. ಅವಳಿಗೋ ಕೂರಲು ಬರುತ್ತಿರಲಿಲ್ಲ. ಮೊದಲ ವಾರ ಕಟ್ಟೆಯ ಅಂಚಿಗೆ, ಯಾರದೋ ಮನೆಗೆ ನೆಂಟಳಾಗಿ ಬಂದವಳಂತೆ ಕೂತಿರುತ್ತಿದ್ದಳು. “ಕೈ ಎಲ್ಲಿಟ್ಕಬೇಕು ಅಂತಾನೇ ಗೊತ್ತಾಗ್ತಿಲ್ಲ ಕಣೇ,” ಎನ್ನುವಳು. ನಾನು ಗದರಿ ಕೂರಿಸುತ್ತಿದ್ದೆ. ನೀರು ಕುಡಿಯಲು ಎದ್ದ ನೆಪದಲ್ಲಿ ಕಸಬರಿಕೆ ಹಿಡಿಯುವಳು, ಕಿತ್ತುಕೊಳ್ಳುತ್ತಿದ್ದೆ.

ಗಂಡಸರ ಕತೆ ಬೇರೆ. ಎಮ್ಮೆ ಅಪ್ಪನಿಗೆ ಹಾಲು ಕೊಡಲೊಲ್ಲದು. ಎರಡು ದಿನ ಒದೆಸಿಕೊಂಡ ಮೇಲೆ, ಅವ್ವ ಹೇಳಿಕೊಟ್ಟಂತೆ ಅವಳ ಹಳೇ ಸೀರೆಯನ್ನು ಹೆಗಲ ಮೇಲೆ ಹೊದ್ದು, ಮುಸುಕು ಎಳೆದುಕೊಂಡು ಕೂತ. ಎಮ್ಮೆ ಅವನನ್ನು ಒಮ್ಮೆ ಮೂಸಿ, ಅನುಮಾನದಿಂದಲೇ ಹಾಲು ಬಿಟ್ಟಿತು. ಮಂಜ ಒಂದೇ ದಿನ ಕೊಡ ಹೊತ್ತ. ಮಾರನೆಯ ದಿನ ಬೈಕಿನ ಎರಡೂ ಪಕ್ಕಕ್ಕೆ ಹಗ್ಗದಲ್ಲಿ ಕೊಡ ಕಟ್ಟಿಕೊಂಡು, ಎರಡೇ ಸುತ್ತಿಗೆ ತೊಟ್ಟಿ ತುಂಬಿಸಿ, ಸೀಟಿ ಹೊಡೆಯುತ್ತಾ ಕೈ ಒರೆಸಿಕೊಂಡ. ಅವ್ವ ಬೈಕನ್ನೇ ನೋಡುತ್ತಿದ್ದಳು. ಆ ಬೈಕು ನಮ್ಮ ಅಂಗಳಕ್ಕೆ ಬಂದು ವರ್ಷಗಳಾಗಿದ್ದವು. ಅದರ ಮೇಲೆ ನೀರು ತರಬಹುದು ಎಂದು ಅಷ್ಟು ವರ್ಷ ಈ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು, ಆದರೆ ಏನು ಬೈಯುವುದು? ನನಗೂ ಹೊಳೆದಿರಲಿಲ್ಲವಲ್ಲ.

ಸೋದರತ್ತೆ ಮತ್ತೆ ಬಂದಳು. ತನ್ನ ತಮ್ಮನೇ ಸೀರೆ ಹೊದ್ದು ಹಾಲು ಕರೆಯುವುದನ್ನು ಕಂಡು ಹಣೆ ಹಣೆ ಚಚ್ಚಿಕೊಂಡಳು. “ನಮ್ ಹುಡುಗನ್ನ ಏನ್ ಮಾಡಿಟ್ರಿ! ತಾಯಿ ಮಗ್ಳು ಮಹಾರಾಣೇರ ಥರ ಕುಂತವ್ರೆ!”

“ಬಾ ಅತ್ತೆ, ನೀನೂ ಕುಂತ್ಕ. ಡಾಕ್ಟ್ರು ಒಳ್ಳೇದು ಅಂದವ್ರೆ,” ಎಂದೆ. ಅವಳು ಕಾಫಿಯನ್ನೂ ಕುಡಿಯದೆ ಹೊಳಲ್ಕೆರೆ ಬಸ್ಸು ಹತ್ತಿದಳು. ನಾನು ಸತ್ತ ಸುದ್ದಿ ಅಲ್ಲಿ ಹುಟ್ಟಿದ್ದು ಅದಾದ ಮೇಲೆಯೇ.

ಒಂದು ವಿಷಯ ಹೇಳಲೇಬೇಕು. ದಿನ ಕಳೆದಂತೆ ಅವ್ವನಿಗೆ ಕೂರಲು ಬಂತು. ಮಧ್ಯಾಹ್ನ ಬೇವಿನ ಮರದ ಕೆಳಗೆ ಚಾಪೆ ಹಾಸಿ ಇಬ್ಬರೂ ಮಲಗುತ್ತಿದ್ದೆವು. ಹಗಲು ನಿದ್ದೆ ಮಾಡಿದ ಅವ್ವನ ಮುಖವನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಅವಳ ಸೊಂಟದ ನೋವು ಹೋಯಿತು. ಕೆನ್ನೆ ತುಂಬಿಕೊಂಡಿತು. ತಾನು ಚಿಕ್ಕವಳಿದ್ದಾಗ ಯಲ್ಲದಕೆರೆಯಲ್ಲಿ ಕುಂಟೆಬಿಲ್ಲೆಯಲ್ಲಿ ಯಾರನ್ನೂ ಗೆಲ್ಲಲು ಬಿಡುತ್ತಿರಲಿಲ್ಲ ಎಂಬ ಕತೆ ಹೇಳಿದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, “ಯಾವಾಗ ಹೇಳ್ಲಿ?” ಎಂದಳು. ಒಮ್ಮೊಮ್ಮೆ ನನ್ನ ಅಂಗೈ ಎಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡು, “ನೋಡು, ಸರಿಯಾಗಿ ಹೊಡ್ಕಂತೈತಾ?” ಎಂದು ಕೇಳುವಳು. ನಾನು ಎಣಿಸುತ್ತಿದ್ದೆ. ಎಣಿಸುತ್ತಾ, ದೇವರೇ, ಇವಳದಾದರೂ ಸರಿ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಮೂರನೆಯ ಸಲ ಚಿತ್ರದುರ್ಗ. ಡಾಕ್ಟರು ಕಾಗದಗಳನ್ನು ಜೋಡಿಸಿಕೊಂಡು ನೋಡಿದರು. ಮತ್ತೆ ಸ್ಕ್ಯಾನ್ ಮಾಡಿದರು. ಗೆರೆಗೆರೆಯ ಮೇಲೂ ಬೆರಳಿಟ್ಟು ಹೋದರು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಬೆರಳನ್ನೇ ನೋಡುತ್ತಿದ್ದೆ.

“ಇಳಿದೈತೆ,” ಎಂದರು. “ಇಬ್ರದ್ದೂ. ಕಾಯಿಲೆ ಅಲ್ಲ ಇದು.”

ನಾನು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತೆ. ಅಪ್ಪ ಗೋಡೆಯ ಮೇಲಿದ್ದ ದೇವರ ಪಟಕ್ಕೂ ಡಾಕ್ಟರಿಗೂ ಒಟ್ಟಿಗೇ ಕೈ ಮುಗಿದ.

“ಮಗಳು ಮೆಲ್ಲಮೆಲ್ಲಗೆ ಓಡಾದು ಶುರು ಮಾಡ್ಲಿ. ವರ್ಷಕ್ಕೊಂದ್ಸಲ ಬಂದು ತೋರಿಸ್ಬೇಕು. ಅಮ್ಮಾ, ನೀವೂ ಇನ್ಮೇಲೆ ನಿಮ್ ಕೆಲ್ಸ ಮಾಡ್ಕಬಹುದು. ಏನೂ ತೊಂದ್ರೆ ಇಲ್ಲ.”

“ಅಬ್ಬಾ!” ಎಂದ ಮಂಜ, ಎದೆಯ ಮೇಲೆ ಕೈಯಿಟ್ಟುಕೊಂಡು. ಅಪ್ಪ ಅವನ ಬೆನ್ನು ತಟ್ಟಿ ನಕ್ಕ. ನಾನೂ ನಕ್ಕೆ.

ಅವ್ವ ಮಾತ್ರ ಕೂತೇ ಇದ್ದಳು. “ಸಾರ್,” ಎಂದಳು, “ನಂದು ಇನ್ನೊಂದ್ಸಲ ಸರಿಯಾಗಿ ನೋಡ್ರಿ.”

“ನೋಡಿದೀನಮ್ಮಾ. ಚೆನ್ನಾಗೈತೆ.”

“ಏನಾರ ಸ್ವಲ್ಪ ಇರ್ಬೇಕು ನೋಡ್ರಿ ಸಾರ್.”

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ಹೆದರಿಕೆ ಇನ್ನೂ ಹೋಗಿಲ್ಲ ಪಾಪ ಎಂದುಕೊಂಡು ನಾನು ಅವಳ ಕೈ ಹಿಡಿದು ಎಬ್ಬಿಸಿದೆ.

ಹಿರಿಯೂರಿನ ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕೂತಳು. ಹಿಂದಿನ ಸೀಟಿನಲ್ಲಿ ಅಪ್ಪ, ನಾಳೆಯಿಂದ ಬೇಗ ಅಂಗಡಿಗೆ ಹೋಗಬಹುದು ಎಂದು ಮಂಜನಿಗೆ ಹೇಳುತ್ತಿದ್ದ. ಮಂಜ ಬೈಕಿಗೆ ಹಗ್ಗ ಉಜ್ಜಿ ಬಣ್ಣ ಹೋಗಿದೆ, ಇನ್ನಾದರೂ ಪಾಲಿಶ್ ಮಾಡಿಸಬೇಕು ಎನ್ನುತ್ತಿದ್ದ. ನನ್ನ ತಲೆಯ ತುಂಬಾ ಗ್ರೌಂಡು.

“ಏನವ್ವಾ, ಖುಷಿ ಆಗ್ಲಿಲ್ವಾ ನಿಂಗೆ?” ಎಂದೆ.

“ಆತು. ನಿಂಗೇನೂ ಇಲ್ಲ ಅಂದ್ರಲ್ಲ, ಹೋದ ಜೀವ ಬಂದಂಗಾತು,” ಎಂದಳು. ಸ್ವಲ್ಪ ದೂರ ಹೋದ ಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದಳು. “ನಿಂಗೆ ಓಡು ಅಂದ್ರು. ನಿಂಗೆ ಖುಷಿ ಆತು. ನಂಗೆ ಕೆಲ್ಸ ಮಾಡು ಅಂದ್ರು. ನಿಮ್ಗೆಲ್ಲ ಖುಷಿ ಆತು.”

ಬಬ್ಬೂರು ಬಂತು. ಇಳಿಯುವಾಗ ಅವಳ ಕೈಯಲ್ಲಿದ್ದ ಚೀಲವನ್ನು ನಾನೇ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ಅಟ್ಟದಿಂದ ಶೂ ಇಳಿಸಲು ಹೋದಾಗ ಹಿತ್ತಿಲಲ್ಲಿ ಕೊಡ ಸದ್ದಾಯಿತು. ಹೋಗಿ ನೋಡಿದರೆ ಅವ್ವ ಸೆರಗು ಸುತ್ತಿ ಸಿಂಬೆ ಮಾಡಿ ತಲೆಗೆ ಇಟ್ಟುಕೊಳ್ಳುತ್ತಿದ್ದಳು. ಕೊಡ ಕಿತ್ತುಕೊಂಡು ಒಳಗೆ ಬಂದೆ. ಮಂಜ ಗೊರಕೆ ಹೊಡೆಯುತ್ತಿದ್ದ. ಅವನ ಕಂಬಳಿ ಹಿಡಿದು ಒಂದೇ ಸಲಕ್ಕೆ ಎಳೆದೆ.

“ಲೇ, ಏಳು. ಬೈಕ್ ತೆಗಿ, ನೀರು ತರ್ಬೇಕು.”

“ಹೋಗೇ ಅತ್ಲಾಗೆ! ಅವ್ವಂಗೆ ಏನೂ ಇಲ್ಲ ಅಂದಿಲ್ವಾ ಡಾಕ್ಟ್ರು?”

“ಅಂದವ್ರೆ. ಆದ್ರೆ ನಿಂಗೆ ಮಲಕ್ಕ ಅಂತ ಯಾವ ಡಾಕ್ಟ್ರೂ ಹೇಳಿಲ್ಲ,” ಎಂದು ಕೊಡವನ್ನು ಅವನ ಹೊಟ್ಟೆಯ ಮೇಲಿಟ್ಟು ನಾನು ಓಡಲು ಹೋದೆ.